‘ಅವನು’ ಅಂದರೆ ಯಾವ ಅವನು? ಅರ್ಜಿ ಬರೆಯುವ ಮೊದಲು ಓದಿ

ಮೊನ್ನೆ ಸೋಮವಾರ ಅಂಗಡಿ ಬಾಗಿಲು ತೆಗೆದಿದ್ದೆ, ಕಂಪ್ಯೂಟರ್ ಇನ್ನೂ ಶುರುವಾಗಿರಲಿಲ್ಲ. ಬನವಾಸಿ ರಸ್ತೆ ಕಡೆಯ ಹಳ್ಳಿಯವರೊಬ್ಬರು ನೋಟ್‌ಬುಕ್ಕಿನಿಂದ ಹರಿದ ಹಾಳೆ ತಂದು ಮುಂದಿಟ್ಟರು. ಪೊಲೀಸ್ ಠಾಣೆಗೆ ಕೊಡುವ ಅರ್ಜಿ. ಮೊದಲ ವಾಕ್ಯವೇ ಹೀಗಿತ್ತು:

‘ನನ್ನ ತಮ್ಮನಿಗೂ ಪಕ್ಕದ ತೋಟದವನಿಗೂ ಬೇಲಿ ವಿಷಯದಲ್ಲಿ ಜಗಳವಾಗಿ ಅವನು ಅವನ ಮಗನಿಗೆ ಹೊಡೆದಿದ್ದು, ಅವನು ಬಂದು ಕೇಳಿದಾಗ ಅವನು ಅವಾಚ್ಯ ಶಬ್ದಗಳಿಂದ ಬೈದಿರುತ್ತಾನೆ.’

‘ಅವನು’ ಮೂರು, ‘ಅವನ’ ಒಂದು.

“ಯಾರು ಯಾರ ಮಗನಿಗೆ ಹೊಡೆದದ್ದು?” ಅಂದೆ.

“ಅವ್ನೇ.”

“ಯಾವ ಅವನು?”

“ಅವ್ನೇ ಅಕ್ಕೋರೆ, ಬೇಲಿಯವನು.”

ಬೇಲಿ ಇಬ್ಬರಿಗೂ ಸೇರಿದ್ದು.

ನಾನು ಅಂಕೋಲೆಯವಳು. ಮದುವೆಯಾಗಿ ಘಟ್ಟ ಹತ್ತಿ ಶಿರಸಿಗೆ ಬಂದು 26 ವರ್ಷ ಆಯ್ತು. ಅದರಲ್ಲಿ 22 ವರ್ಷ ತಹಶೀಲ್ದಾರ್ ಕಚೇರಿ ಹತ್ತಿರದ ಈ ಟೈಪಿಂಗ್, ಝೆರಾಕ್ಸ್ ಅಂಗಡಿಯಲ್ಲೇ ಕಳೆದಿದೆ. ಮೊದಲು ಟೈಪ್‌ರೈಟರ್, ಆಮೇಲೆ ‘ನುಡಿ’ ತಂತ್ರಾಂಶ, ಈಗ ಯುನಿಕೋಡ್. ಪಹಣಿ ತಿದ್ದುಪಡಿ, ಅಡಿಕೆಗೆ ಕೊಳೆ ರೋಗ ಬಂದದ್ದಕ್ಕೆ ಪರಿಹಾರ, ವಿಧವಾ ವೇತನ, ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆಯ) ಮನವಿ, ವಾಟ್ನಿ (ಆಸ್ತಿ ಪಾಲು) ಪತ್ರ ಎಲ್ಲ ಈ ಕೈಯಲ್ಲಿ ಹಾದುಹೋಗಿವೆ. ಕಾಗುಣಿತ ತಪ್ಪಿದ್ದಕ್ಕೆ ವಾಪಸ್ ಬಂದ ಅರ್ಜಿ ನನಗೆ ನೆನಪಿಲ್ಲ. ಯಾರು, ಯಾವುದು ಅಂತ ತಿಳಿಯದೆ ವಾಪಸ್ ಬಂದವು ಬೇಕಾದಷ್ಟಿವೆ.

ವಿಚಿತ್ರ ಏನೆಂದರೆ, ಇದೇ ಜನ ಬಾಯಲ್ಲಿ ಹೇಳುವಾಗ ಎಲ್ಲೂ ತಪ್ಪುವುದಿಲ್ಲ. ಕೈ ತೋರಿಸುತ್ತಾರೆ, ಹುಬ್ಬು ಹಾರಿಸುತ್ತಾರೆ, ಪಕ್ಕದವನ ಮಾತು ಬಂದಾಗ ದನಿಯೇ ಬೇರೆಯಾಗುತ್ತದೆ. ಕಾಗದಕ್ಕೆ ಹುಬ್ಬಿಲ್ಲ. ಯಕ್ಷಗಾನದಲ್ಲಿ ಕಿರೀಟ, ಬಣ್ಣ ನೋಡಿದರೆ ರಂಗಕ್ಕೆ ಯಾರು ಬಂದರು ಅಂತ ಗೊತ್ತಾಗುತ್ತದೆ. ತಾಳಮದ್ದಳೆಯಲ್ಲಿ ಎಲ್ಲರೂ ಅಂಗಿ-ಪಂಚೆಯಲ್ಲಿ ಕೂತಿರುತ್ತಾರೆ. ಕೃಷ್ಣ ಯಾರು, ಕೌರವ ಯಾರು ಅಂತ ಮಾತೇ ಹೇಳಬೇಕು. ಅರ್ಜಿ ಬರೆಯುವುದೆಂದರೆ ತಾಳಮದ್ದಳೆ.

‘ನಾನು’, ‘ನೀನು’ಗಳಿಂದ ಇಷ್ಟು ತೊಂದರೆ ಇಲ್ಲ. ಮಾತಾಡುವವರು ನಾನು, ಕೇಳುವವರು ನೀನು, ಮುಗಿಯಿತು. ‘ಅವನು, ಅವಳು, ಅದು’ಗಳ ಜಾತಿಯೇ ಬೇರೆ, ಅವಕ್ಕೆ ಹಿಂದಿನ ಮಾತಿನಲ್ಲಿ ಆಸರೆ ಬೇಕು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 2004ರಲ್ಲಿ ಸರ್ವನಾಮಗಳ ಮೇಲೆ ಇಂಗ್ಲಿಷಿನಲ್ಲಿ ತಂದ ಪುಸ್ತಕದಲ್ಲಿ, ಈ ಎರಡನ್ನೂ ಒಂದೇ ಗುಂಪಿಗೆ ಹಾಕುವುದು ಸರಿಯಲ್ಲ ಅಂತ ವಾದಿಸಿದ್ದಾರೆ. ಅರ್ಜಿ ಬರೆಸಲು ಬರುವವರನ್ನು ಒಂದು ವಾರ ಕೂತು ಕೇಳಿದರೆ ಯಾರಾದರೂ ಒಪ್ಪುತ್ತಾರೆ.

ಮೊದಲು ಚೀಟಿ

ಬರೆಯಲು ಕೂರುವ ಮೊದಲು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ನಿಮ್ಮ ಕತೆಯಲ್ಲಿ ಯಾರ‍್ಯಾರಿದ್ದಾರೆ, ಏನೇನಿದೆ ಅಂತ ಪಟ್ಟಿ ಮಾಡಿ. ಮನುಷ್ಯರು, ಜಾಗ, ಕಾಗದಪತ್ರ, ದನ, ಮರ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಗೊತ್ತುಮಾಡಿಕೊಳ್ಳಿ, ಕೊನೆಯವರೆಗೂ ಅದನ್ನೇ ಬಿಡದೆ ಹಿಡಿಯಿರಿ. ಮೊದಲ ಸಾಲಿನಲ್ಲಿ ‘ಪಕ್ಕದ ತೋಟದವರು’, ನಾಲ್ಕನೆಯದರಲ್ಲಿ ‘ನೆರೆಯವರು’, ಎಂಟನೆಯದರಲ್ಲಿ ‘ಎದುರುಗಾರರು’ ಅಂತ ಬರೆದರೆ ಓದುವವರ ಲೆಕ್ಕಕ್ಕೆ ಮೂರು ಮಂದಿ. ಬರೆದ ಶಬ್ದವನ್ನೇ ಮತ್ತೆ ಬರೆಯಬಾರದು ಅಂತ ಶಾಲೆಯಲ್ಲಿ ಪ್ರಬಂಧಕ್ಕೆ ಹೇಳಿಕೊಟ್ಟದ್ದನ್ನು ಇಲ್ಲಿ ಮರೆತುಬಿಡಿ.

ಇದು ನಾನೇ ಕಂಡುಕೊಂಡ ಉಪಾಯ ಅಂತ ಬೀಗುತ್ತಿದ್ದೆ. ಮೈಸೂರಿನಲ್ಲಿ ಭಾಷಾವಿಜ್ಞಾನ ಓದುವ ನಾದಿನಿಯ ಮಗಳು ರಜೆಗೆ ಬಂದಾಗ ನಕ್ಕುಬಿಟ್ಟಳು. “ಅತ್ತೆ, ಐರೀನ್ ಹೈಮ್ ಅನ್ನುವವರು 1982ರಲ್ಲಿ ಇದರ ಮೇಲೇ ಪಿಎಚ್‌ಡಿ ಮಾಡಿದ್ದಾರೆ” ಅಂದಳು. ಅವಳು ಬಿಡಿಸಿ ಹೇಳಿದ್ದು ಇಷ್ಟು: ಕೇಳುವವರ ತಲೆ ಒಂದು ಕಡತದ ಪೆಟ್ಟಿಗೆ ಇದ್ದಂತೆ. ಹೊಸಬರು ಕತೆಗೆ ಬಂದರೆ ಹೊಸ ಚೀಟಿ. ಹಳಬರ ವಿಷಯ ಬಂದರೆ ಅವರ ಚೀಟಿಯನ್ನೇ ಎತ್ತಿ ಅದರಲ್ಲಿ ಇನ್ನೊಂದು ಸಾಲು. ಅದಕ್ಕೂ ಒಂದು ವರ್ಷ ಮೊದಲು, 1981ರಲ್ಲಿ, ಹಾನ್ಸ್ ಕಾಂಪ್ ಬೇರೆ ದಾರಿಯಿಂದ ಹೆಚ್ಚುಕಡಿಮೆ ಇದೇ ವಿಚಾರಕ್ಕೆ ಬಂದಿದ್ದರಂತೆ. ವಾಕ್ಯದ ಅರ್ಥ ವಾಕ್ಯದೊಳಗೇ ಮುಗಿಯುವುದಿಲ್ಲ, ಹಿಂದಿನ ವಾಕ್ಯಗಳು ಪೆಟ್ಟಿಗೆಯಲ್ಲಿ ಏನಿಟ್ಟಿವೆ ಅನ್ನುವುದರ ಮೇಲಿದೆ ಅನ್ನುವುದು ಇಬ್ಬರ ಮಾತೂ.

ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು.’ ‘ಒಬ್ಬ’ ಚೀಟಿ ತೆಗೆಯಿತು, ‘ಆ’ ಅದೇ ಚೀಟಿ ಎತ್ತಿತು. ‘ಆ ರಾಜ ಬಂದ’ ಅಂತಲೇ ಶುರುಮಾಡಿದ್ದರೆ ಮಕ್ಕಳು ‘ಯಾವ ರಾಜ?’ ಅಂತ ಕೇಳುತ್ತಿದ್ದವು. ಕಚೇರಿಯಲ್ಲಿ ಹಾಗೆ ಕೇಳುವುದಿಲ್ಲ. ಮೂಲೆಯಲ್ಲಿ ‘ಸ್ಪಷ್ಟವಿಲ್ಲ’ ಅಂತ ಬರೆದು ಕಳಿಸುತ್ತಾರೆ.

ಚೀಟಿಗೆ ಹೆಸರು ಬರೆಸುವುದೇ ಕಷ್ಟವಾಗುವ ಗಿರಾಕಿಗಳೂ ಇದ್ದಾರೆ. ವಿಧವಾ ವೇತನಕ್ಕೆ ಬರುವ ವಯಸ್ಸಾದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ‘ಅವರು ಹೋಗಿ ಮೂರು ವರ್ಷ ಆಯ್ತು, ಅವರ ಹೆಸರಲ್ಲೇ ಪಹಣಿ ಇತ್ತು.’ ನಾನು ಅವರ ಜೊತೆ ಬಂದ ಮೊಮ್ಮಗನ ಮುಖ ನೋಡುತ್ತೇನೆ. ಅವನು ಹೇಳುತ್ತಾನೆ, ಅಜ್ಜಿ ಆ ಹೊತ್ತಿಗೆ ಬೀದಿಯ ಕಡೆ ತಿರುಗಿರುತ್ತಾರೆ.

ಇಲ್ಲದ ದಾರಿಯಲ್ಲಿ ಮಣ್ಣು ಕುಸಿಯುವುದಿಲ್ಲ

ಇದು ಮಳೆಗಾಲದಲ್ಲಿ ತಪ್ಪದೆ ಬರುವ ತಪ್ಪು. ‘ನಮ್ಮ ಮನೆಗೆ ದಾರಿ ಇಲ್ಲ. ಅದರಲ್ಲಿ ಮಣ್ಣು ಕುಸಿದಿದೆ.’ ಬರೆದವರಿಗೆ ಎರಡೂ ನಿಜ. ಓದುವವರಿಗೆ? ‘ಇಲ್ಲ’ ಅನ್ನುತ್ತಿದ್ದ ಹಾಗೇ ದಾರಿಯ ಚೀಟಿ ಹರಿದುಹೋಯಿತು. ಮುಂದಿನ ವಾಕ್ಯದ ‘ಅದು’ ಯಾವ ಚೀಟಿಯನ್ನು ಎತ್ತಬೇಕು? ಹೀಗೆ ಬರೆಯಿರಿ: ‘ನಮ್ಮ ಮನೆಗೆ ವಾಹನ ಬರುವ ದಾರಿ ಇಲ್ಲ. ಇರುವ ಕಾಲುದಾರಿಯಲ್ಲಿ ಮಣ್ಣು ಕುಸಿದಿದೆ.’ ಇಲ್ಲದ್ದು ಬೇರೆ, ಇರುವುದು ಬೇರೆ.

‘ಆದರೆ, ಹೋದರೆ’ಗಳ ಒಳಗೆ ಹುಟ್ಟಿದ ಚೀಟಿಯೂ ಹೀಗೇ. ‘ಹಳ್ಳಕ್ಕೆ ಕಾಲುಸಂಕ ಕಟ್ಟಿಸಿಕೊಟ್ಟರೆ ಮಕ್ಕಳು ಶಾಲೆಗೆ ಹೋಗಬಹುದು. ಅದರಿಂದ ಆಚೆ ಕೇರಿಯ ಮನೆಗಳಿಗೂ ಅನುಕೂಲ ಆದೀತು.’ ಇಲ್ಲಿಯವರೆಗೆ ಸರಿ. ‘ಆದೀತು’ ಅನ್ನುವಾಗ ನಾವು ಇನ್ನೂ ಆ ಕನಸಿನ ಒಳಗೇ ಇದ್ದೇವೆ, ಅಲ್ಲಿ ಸಂಕ ಇದೆ. ಮುಂದೆ ‘ಅದು ಪ್ರತಿ ಆಷಾಢದಲ್ಲಿ ಮುಳುಗುತ್ತದೆ’ ಅಂತ ಬರೆದರೆ, ಕಟ್ಟದ ಸಂಕ ಮುಳುಗುವುದು ಹೇಗೆ? ಬರೆದವರ ಮನಸ್ಸಿನಲ್ಲಿದ್ದದ್ದು ಊರವರು ಅಡಿಕೆ ಮರ ಅಡ್ಡ ಹಾಕಿ ಮಾಡಿಕೊಂಡ ಹಳೆಯ ಸಂಕ. ಅದರ ಚೀಟಿಯನ್ನು ಅವರು ತೆಗೆದೇ ಇರಲಿಲ್ಲ. ಅದನ್ನು ಮೊದಲ ಸಾಲಿನಲ್ಲೇ ತನ್ನಿ, ಬೇಡಿಕೆಯನ್ನು ಕೊನೆಗೆ ಇಡಿ.

ಕತೆಯ ಯಜಮಾನ

ಈಗ ನನ್ನ ಕೈಯಿಂದಲೇ ಆದ ಅನಾಹುತ.

12 ವರ್ಷದ ಹಿಂದಿನ ಮಾತು. ಅಣ್ಣ-ತಮ್ಮಂದಿರ ವಾಟ್ನಿಗೆ ಮೊದಲು ಒಂದು ಒಪ್ಪಿಗೆ ಪತ್ರ ಬೇಕಿತ್ತು. ತಮ್ಮ ಹೇಳಿದ್ದನ್ನು ಹೇಳಿದ ಹಾಗೆ ಬಡಿದೆ:

‘ನಮ್ಮ ತಂದೆಯವರು ಅಣ್ಣನವರಿಗೆ ಮನೆಯನ್ನೂ ನನಗೆ ತೋಟವನ್ನೂ ಕೊಡಬೇಕೆಂದು ಹೇಳಿದ್ದರು. ಅಣ್ಣನವರು 20 ವರ್ಷದಿಂದ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾರೆ. ಅವರ ಔಷಧೋಪಚಾರದ ಖರ್ಚನ್ನು ಕೊನೆಯವರೆಗೂ ನಾನೇ ನೋಡಿಕೊಂಡಿದ್ದೇನೆ.’

ಪತ್ರ ಹುಬ್ಬಳ್ಳಿಗೆ ಹೋಯಿತು. ನಾಲ್ಕನೇ ದಿನ ಅಣ್ಣನ ಫೋನ್ ಅಂಗಡಿಗೇ ಬಂತು. “ನನಗೆ ಏನು ರೋಗ ಬಂದಿತ್ತು? ಅದೂ ಕೊನೆಯವರೆಗೆ ಅಂತೆ. ನಾನು ಇನ್ನೂ ಬದುಕಿದ್ದೇನೆ ತಾಯಿ!” ಔಷಧದ ಮಾತು ತೀರಿಹೋದ ತಂದೆಯದು ಅಂತ ನಾನೆಷ್ಟು ಹೇಳಿದರೂ ಅವರು ಸಹಿ ಹಾಕಲು ಇನ್ನೊಂದು ವರ್ಷ ಹಿಡಿಯಿತು.

ಈ ಮೂರು ವಾಕ್ಯವನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ. ‘ಅವರ’ ಅನ್ನುವುದನ್ನು ತೆಗೆದು ‘ತಂದೆಯವರ’ ಅಂತ ಹಾಕಿದ್ದರೆ ಆಗುತ್ತಿತ್ತು, ಅದು ಸುಲಭದ ಉತ್ತರ. ಆದರೆ ‘ಅವರ’ ಅನ್ನು ಹಾಗೇ ಇಟ್ಟು, ಒಂದೂ ಹೆಸರು ಸೇರಿಸದೆ ಸರಿ ಮಾಡಲು ಬರುತ್ತದೆ:

‘ನಮ್ಮ ತಂದೆಯವರು, 20 ವರ್ಷದಿಂದ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಅಣ್ಣನವರಿಗೆ ಮನೆಯನ್ನೂ ನನಗೆ ತೋಟವನ್ನೂ ಕೊಡಬೇಕೆಂದು ಹೇಳಿದ್ದರು. ಅವರ ಔಷಧೋಪಚಾರದ ಖರ್ಚನ್ನು ಕೊನೆಯವರೆಗೂ ನಾನೇ ನೋಡಿಕೊಂಡಿದ್ದೇನೆ.’

ಈಗ ‘ಅವರ’ ಸೀದಾ ತಂದೆಗೆ ಹೋಗುತ್ತದೆ. ಹಾಗಾದರೆ ಬದಲಾದದ್ದೇನು? ಮೊದಲ ಸಲ ಹುಬ್ಬಳ್ಳಿಯ ಮಾತಿಗೆ ತನ್ನದೇ ಪೂರ್ಣ ವಾಕ್ಯ ಸಿಕ್ಕಿತ್ತು, ಅದರ ತಲೆಯಲ್ಲಿ ಅಣ್ಣ ಕೂತಿದ್ದ. ತಂದೆಯನ್ನು ಎಬ್ಬಿಸಿ ಅವನನ್ನು ಯಜಮಾನನ ಕುರ್ಚಿಯಲ್ಲಿ ಕೂರಿಸಿದವಳು ನಾನೇ. ಎರಡನೆಯ ಸಲ ಅದೇ ಸಂಗತಿ ‘ನೌಕರಿಯಲ್ಲಿರುವ’ ಅಂತ ವಿಶೇಷಣವಾಗಿ ಅಣ್ಣನ ಬೆನ್ನಿಗೆ ಅಂಟಿಕೊಂಡಿತು. ಕುರ್ಚಿ ತಂದೆಯ ಬಳಿಯೇ ಉಳಿಯಿತು. ‘ಅವನು’ ಯಾವಾಗಲೂ ಹತ್ತಿರದ ಹೆಸರಿಗೆ ಹೋಗುತ್ತದೆ ಅಂತ ಹೇಳುವವರಿದ್ದಾರೆ. ನೋಡಿ, ಇಲ್ಲಿ ‘ಅವರ’ಕ್ಕೆ ತಂದೆಗಿಂತ ಅಣ್ಣನೇ ಹತ್ತಿರ. ಹೋದದ್ದು ಮಾತ್ರ ದೂರದ ತಂದೆಗೆ, ಕತೆ ಅವರದಾದ್ದರಿಂದ.

ಆದ್ದರಿಂದ ಪಕ್ಕದ ಸಂಗತಿಗೆ ಪೂರ್ಣ ವಾಕ್ಯ ಕೊಡಬೇಡಿ. ‘-ಉವ, -ಇದ, -ಇರುವ’ ಹಚ್ಚಿ ಹೆಸರಿನ ಹಿಂದೆ ಕಟ್ಟಿ. ಪೂರ್ಣ ವಾಕ್ಯ ಕೊಡಲೇಬೇಕಾದರೆ, ಅದಾದ ಮೇಲೆ ಹಳೆಯ ಯಜಮಾನನನ್ನು ಹೆಸರು ಹಿಡಿದೇ ಕರೆಯಿರಿ.

ಕುರ್ಚಿ ಒಂದೇ ಸಾಕಾಗುವುದಿಲ್ಲ. ವಾಕ್ಯ ವಾಕ್ಯದ ನಡುವೆ ಓದುವವರು ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ, ‘ಅವನು’ ಆ ಪ್ರಶ್ನೆಯ ಹಿಂದೆ ಹೋಗುತ್ತದೆ. ಉದಾಹರಣೆಗೆ ರಾಮ, ಗಣಪ ಅಂತ ಎರಡು ಹೆಸರು ಇಟ್ಟುಕೊಳ್ಳೋಣ. ‘ರಾಮ ಗಣಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನಿಗೆ ಹಾವು ಕಚ್ಚಿತ್ತು.’ ಕಚ್ಚಿದ್ದು ಯಾರಿಗೆ? ಗಣಪನಿಗೆ. ಇನ್ನೊಂದು: ‘ರಾಮ ಗಣಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನಿಗೆ ಆ ದಿನದ ಕೂಲಿ ತಪ್ಪಿತು.’ ಈಗ ರಾಮ. ‘ಕಚ್ಚಿತ್ತು’ ಅಂದಾಗ ಕಾಲ ಹಿಂದೆ ಸರಿಯಿತು, ‘ಯಾಕೆ?’ ಅನ್ನುವುದಕ್ಕೆ ಉತ್ತರ ಸಿಕ್ಕಿತು. ‘ತಪ್ಪಿತು’ ಅಂದಾಗ ಮುಂದೆ ಹೋಯಿತು, ‘ಆಮೇಲೆ?’ ಅನ್ನುವುದಕ್ಕೆ ಉತ್ತರ. ಈಗ ಇದೇ ಜಾಗದಲ್ಲಿ ‘ಅವನಿಗೆ ಜ್ವರ ಬಂತು’ ಅಂತ ಹಾಕಿ ನೋಡಿ. ನಾನು ಅಂಗಡಿಗೆ ಬಂದ ನಾಲ್ವರನ್ನು ಕೇಳಿದೆ, ಇಬ್ಬರು ರಾಮ ಅಂದರು, ಇಬ್ಬರು ಗಣಪ ಅಂದರು. ಇಂಥ ಕಡೆ ‘ಏಕೆಂದರೆ’, ‘ಇದರಿಂದ’, ‘ಅದಾದ ಮೇಲೆ’ ಅನ್ನುವವನ್ನು ಬಾಯಿಬಿಟ್ಟು ಬರೆಯಬೇಕು. ಪ್ರಶ್ನೆ ಯಾವುದೆಂದು ನೀವೇ ಹೇಳಿಬಿಟ್ಟರೆ ಓದುವವರು ಊಹಿಸಬೇಕಾಗಿಲ್ಲ.

ಇನ್ನು ಕತೆಯೊಳಗೊಂದು ಕತೆ. ನೀರಿನ ಪೈಪಿನ ಅರ್ಜಿ ಬರೆಯುತ್ತ ಹೋದ ವರ್ಷ ಬಂದಿದ್ದ ಪ್ಲಂಬರ್ ಹೇಗೆ ಅರ್ಧ ಕೆಲಸ ಮಾಡಿ ಹೋದ ಅನ್ನುವುದಕ್ಕೆ ಇಳಿಯುತ್ತೀರಿ. ಅದನ್ನು ಮುಗಿಸಿ ಮತ್ತೆ ಈ ವರ್ಷಕ್ಕೆ ಬರುತ್ತೀರಿ. ಬಂದಮೇಲೆ ‘ಅವನು ಫೋನ್ ಎತ್ತುವುದಿಲ್ಲ’ ಅಂದರೆ ಆಗದು. ಬಾರ್ಬರಾ ಗ್ರೋಸ್, ಕ್ಯಾಂಡೇಸ್ ಸಿಡ್ನರ್ ಅನ್ನುವವರು 1986ರಲ್ಲಿ ಇದನ್ನು ಬಿಡಿಸಿ ತೋರಿಸಿದ್ದಾರೆ ಅಂತ ನಮ್ಮ ಹುಡುಗಿ ಹೇಳಿದಳು. ನನಗೆ ತಿಳಿದ ಮಟ್ಟಿಗೆ ಅದು ಅಡಕಲು ಗಡಿಗೆ. ಒಳಗತೆ ಶುರುವಾದರೆ ಮೇಲೊಂದು ಗಡಿಗೆ ಏರಿತು. ಮುಗಿದರೆ ಆ ಗಡಿಗೆ ಕೆಳಗಿಳಿಯಿತು, ಅದರೊಳಗಿನವರೂ ಅದರ ಜೊತೆ ಹೋದರು. ಈಗ ಕೈಗೆ ಸಿಗುವುದು ಕೆಳಗಿನ ಗಡಿಗೆಯವರು ಮಾತ್ರ. ಇಳಿಸಿದ ಗಡಿಗೆಯವನು ಮತ್ತೆ ಬೇಕಾದರೆ ‘ಮೇಲೆ ಹೇಳಿದ ಪ್ಲಂಬರ್’ ಅಂತ ಕೂಗಿ ಕರೆಯಬೇಕು.

ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ಆಗದವರಿಗೆ ನಾನು ಹೇಳುವುದು ಒಂದೇ ಮಾತು: ಹೊಸ ಪ್ಯಾರಾದ ಮೊದಲ ವಾಕ್ಯದಲ್ಲಿ ‘ಅವನು, ಅವರು, ಅದು, ಇದರಿಂದ’ ಯಾವುದೂ ಇರಕೂಡದು. ‘ಇದರಿಂದ ನನಗೆ ನಷ್ಟವಾಗಿದೆ’ ಅಲ್ಲ, ‘ಬೇಲಿ ಕಿತ್ತದ್ದರಿಂದ ನನಗೆ ನಷ್ಟವಾಗಿದೆ.’

ಆಕಳು ಪಂಚಾಯತಿಗೆ ಬಂದದ್ದು

‘ಪಕ್ಕದವರ ಆಕಳು ತೋಟಕ್ಕೆ ನುಗ್ಗಿ 12 ಅಡಿಕೆ ಸಸಿ ತಿಂದು ಈ ಅರ್ಜಿ ಸಲ್ಲಿಸುತ್ತಿದ್ದೇನೆ.’

ಇದನ್ನು ಓದಿ ನಗದ ಗುಮಾಸ್ತರಿಲ್ಲ. ‘ನುಗ್ಗಿ, ತಿಂದು, ಬಂದು, ನೋಡಿ’ ಇವೆಲ್ಲ ಅರ್ಧ ಕ್ರಿಯಾಪದಗಳು. ಕೊನೆಯ ಪೂರ್ಣ ಕ್ರಿಯಾಪದದ ಕರ್ತೃ ಯಾರೋ, ಇವಕ್ಕೂ ಅವರೇ. ಕೊನೆಯಲ್ಲಿ ‘ಸಲ್ಲಿಸುತ್ತಿದ್ದೇನೆ’ ಅಂತ ‘ನಾನು’ ಬಂದರೆ ಸಸಿ ತಿಂದದ್ದೂ ನಾನೇ. ಕರ್ತೃ ಬದಲಾಗುವ ಜಾಗದಲ್ಲಿ ‘ತಿಂದದ್ದರಿಂದ’, ‘ತಿಂದಾಗ’, ‘ತಿಂದರೆ’ ಬೇಕು. ಸರಕಾರಿ ಕನ್ನಡದಲ್ಲಿ ‘ಇದ್ದು, ಬಂದಿದ್ದು, ಮಾಡಿದ್ದು’ ಅಂತ ಉದ್ದಕ್ಕೆ ಎಳೆಯುತ್ತಾರಲ್ಲ, ಅದರಲ್ಲಿ ಕರ್ತೃ ಬದಲಾದರೂ ನಡೆಯುತ್ತದೆ. ಅದಕ್ಕೇ ಅವರಿಗೆ ಅದು ಅಷ್ಟು ಪ್ರೀತಿ ಇರಬೇಕು. ಒಂದೂವರೆ ಪುಟಕ್ಕೆ ಒಂದೇ ಪೂರ್ಣವಿರಾಮ.

‘ಮಳೆ ಬಂದು ಕೊಳೆ ಹೆಚ್ಚಾಯಿತು’ ಅನ್ನುತ್ತೇವಲ್ಲ, ಅಲ್ಲಿ ಎರಡು ಕರ್ತೃ ಇಲ್ಲವೇ ಅಂತ ಒಬ್ಬ ಮಾಸ್ತರು ನನ್ನನ್ನು ಹಿಡಿದರು. ಇದೆ. ಯಾರೂ ಬೇಕೆಂದು ಮಾಡದ, ಒಂದರಿಂದ ಒಂದು ತಾನಾಗಿ ಆಗುವ ಸಂಗತಿಗಳಿಗೆ ಅಷ್ಟು ಸಡಿಲ ಇದೆ. ಆಕಳಿಗೆ ಇಲ್ಲ.

ತಮ್ಮ ತಮ್ಮ ತಮ್ಮ

‘ತಾನು, ತನ್ನ’ ಕನ್ನಡದ ಉಪಕಾರಿ ಶಬ್ದ. ‘ರಾಮನು ಗಣಪನಿಗೆ ಅವನ ಬೈಕ್ ಕೊಟ್ಟನು’ ಅಂದರೆ ಬೈಕ್ ಯಾರದ್ದು ಅಂತ ಪೊಲೀಸರು ಕೇಳಬೇಕಾಗುತ್ತದೆ. ‘ತನ್ನ ಬೈಕ್’ ಅಂದರೆ ರಾಮನದೇ. ಹೇಳಿದ ಮಾತನ್ನು ಬರೆಯುವಾಗಂತೂ ಇದು ಬೇಕೇ ಬೇಕು. ‘ರಾಮನು ನಾನು ಹಣ ಕೊಡಬೇಕು ಎಂದು ಹೇಳಿದನು.’ ಕೊಡಬೇಕಾದವರು ಯಾರು, ರಾಮನೋ, ಅರ್ಜಿ ಬರೆದ ನೀವೋ? ರಾಮನ ಬಾಯಿಯ ‘ನಾನು’ ಇದ್ದ ಹಾಗೆ ಬಂದಿದೆಯೋ, ನಿಮ್ಮ ‘ನಾನು’ ಆಗಿ ಬಂದಿದೆಯೋ ಗೊತ್ತಾಗುವುದಿಲ್ಲ. ‘ರಾಮನು ತಾನು ಹಣ ಕೊಡಬೇಕು ಎಂದು ಒಪ್ಪಿದನು’ ಅಂದರೆ ಸಾಲ ರಾಮನ ತಲೆಗೆ ಬಂತು. ಒಂದು ಅಕ್ಷರಕ್ಕೆ ಎಷ್ಟು ಸಾವಿರ ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ.

ಆದರೆ ಅರ್ಜಿಯಲ್ಲಿ ಒಂದು ಬಲೆ ಇದೆ. ಅಧಿಕಾರಿಯನ್ನು ನಾವು ‘ತಾವು’ ಅಂತ ಕರೆಯುತ್ತೇವೆ. ‘ಪಕ್ಕದವರು ತಮ್ಮ ಜಾಗದಲ್ಲಿ ಬೇಲಿ ಹಾಕಿದ್ದಾರೆ’ ಅಂತ ಓದಿದ ಅಧಿಕಾರಿಗೆ ‘ನನ್ನ ಜಾಗದಲ್ಲಾ?’ ಅನ್ನಿಸಬಹುದು. ಒಡಹುಟ್ಟಿದ ತಮ್ಮ ಬೇರೆ ಇದ್ದಾನೆ. ‘ಅವರು ತಮ್ಮ ತಮ್ಮನ ಮೂಲಕ ತಮ್ಮ ಗಮನಕ್ಕೆ ತಂದಿದ್ದಾರೆ’ ಅನ್ನುವ ವಾಕ್ಯ ನಾನು ಕಣ್ಣಾರೆ ಕಂಡದ್ದು. ತಹಶೀಲ್ದಾರರಿಗೆ ‘ತಾವು’ ಬಳಸಿದರೆ ಇಡೀ ಅರ್ಜಿಯಲ್ಲಿ ಬೇರೆ ಯಾರಿಗೂ ‘ತಮ್ಮ’ ಬೇಡ. ಆ ಬೇರೆಯವರಿಗೆ ‘ಸ್ವಂತ’ ಅಂತ ಹಾಕಿ. ಒಡಹುಟ್ಟಿದವನಿಗೆ ‘ಕಿರಿಯ ಸಹೋದರ’. ಸ್ವಲ್ಪ ಮರಗಟ್ಟಿದ ಹಾಗೆ ಕೇಳುತ್ತದೆ, ಕೇಳಲಿ.

‘ಅದು’ ಬಂದಿಲ್ಲ

ಘಟ್ಟದ ಮೇಲೆ ಬಂದ ಹೊಸತರಲ್ಲಿ ನನಗೆ ಗಾಬರಿಯಾದದ್ದು ಹವ್ಯಕರ ಮಾತು ಕೇಳಿ. ಹೆಂಡತಿಯ ವಿಷಯ ‘ಅದು ಬೈಂದಿಲ್ಲೆ’ ಅಂದುಬಿಡುತ್ತಿದ್ದರು. ಅಗೌರವ ಅಲ್ಲ, ಅವರ ಮಾತಿನಲ್ಲಿ ಹೆಂಗಸರಿಗೂ ‘ಅದು’ ನಡೆಯುತ್ತದೆ. ಕೊಂಕಣಿಯಲ್ಲೂ ಹುಡುಗಿಗೆ ‘ತೆಂ’ ಅನ್ನುವುದುಂಟು. ಮನೆಮಾತಿನಲ್ಲಿ ಎಲ್ಲ ಚೆಂದ. ಆದರೆ ಒಮ್ಮೆ ಒಬ್ಬರು ಜಾನುವಾರು ವಿಮೆಯ ಅರ್ಜಿಯನ್ನು ಮನೆಮಾತಿನ ಗುಂಗಿನಲ್ಲೇ ಬರೆದು ತಂದಿದ್ದರು: ‘ಆಕಳು ಹುಷಾರಿಲ್ಲದಾಗ ಹೆಂಡತಿ ಔಷಧ ಹಾಕಿದ್ದು, ಅದು ಮರುದಿನ ತವರಿಗೆ ಹೋಗಿದ್ದು, ಅದು ಅದೇ ರಾತ್ರಿ ಸತ್ತುಹೋಯಿತು.’ ನಾನು ಮುಖ ತಿರುಗಿಸಿಕೊಂಡು ನಕ್ಕೆ. ಪುಣ್ಯಕ್ಕೆ ಅವರೂ ನಕ್ಕರು.

ಒಂದೇ ಒಂದು ‘ಊ’

ಹೆಸರಿನ ತುದಿಗೆ ಹತ್ತುವ ‘ಊ, ಏ, ಅಂತೂ’ಗಳು ಹೇಳದೆ ಬಿಟ್ಟದ್ದನ್ನೂ ಹೇಳುತ್ತವೆ. ‘ಈ ಸಲವೂ ಪರಿಹಾರ ಬಂದಿಲ್ಲ’ ಅಂದರೆ ಹಿಂದಿನ ಸಲವೂ ಬಂದಿರಲಿಲ್ಲ. ಅದು ಒಳ್ಳೆಯದೇ. ಆದರೆ ಅರಣ್ಯ ಜಾಗದ ತಕರಾರಿನಲ್ಲಿ ಒಬ್ಬರು ಸಿಟ್ಟಿನಿಂದ ಬರೆದಿದ್ದರು: ‘ಪಕ್ಕದವರೂ ಅತಿಕ್ರಮಣ ಮಾಡಿದ್ದಾರೆ.’ ನಾನು ಆ ‘ಊ’ ಮೇಲೆ ಬೆರಳಿಟ್ಟೆ. “ಇನ್ನೊಬ್ಬರು ಯಾರು?” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ತೆಗೀರಿ ಅದನ್ನ” ಅಂದರು.

‘ಅನ್ನು’ ಕೂಡ ಹಾಗೇ. ‘ಮರ ಕಡಿದಿದ್ದಾರೆ’ ಅಂದರೆ ಯಾವುದೋ ಮರ. ‘ಮರವನ್ನು ಕಡಿದಿದ್ದಾರೆ’ ಅಂದರೆ ನೀವೂ ನಾನೂ ಬಲ್ಲ ಆ ಮರ. ಅದರ ಚೀಟಿ ಮೊದಲೇ ತೆಗೆದಿರಬೇಕು.

ಸದರಿ

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಹಳೆಯ ಕಾಗದಗಳಲ್ಲಿ ಮರಾಠಿಯ ಮೂಲಕ ಬಂದ ಶಬ್ದಗಳು ಬೇಕಾದಷ್ಟು ಸಿಗುತ್ತವೆ. ‘ಮಜಕೂರ’ ಅಂತ ಒಂದು ಇದೆ, ಮೂಲ ಅರಬ್ಬಿ, ಅರ್ಥ ‘ಮೊದಲು ಹೇಳಿದ’. ಈಗ ಅದು ಹೋಗಿ ‘ಸದರಿ’, ‘ಮೇಲ್ಕಂಡ’ ಉಳಿದಿವೆ. ಜನ ಇವನ್ನು ಕಚೇರಿಯ ಅಲಂಕಾರ ಅಂದುಕೊಂಡಿದ್ದಾರೆ. ಅಲ್ಲ, ಇವು ಚೀಟಿ ಎತ್ತುವ ಕೊಕ್ಕೆಗಳು. ಖರೀದಿ ಪತ್ರದವರು ಇನ್ನೂ ಜಾಣರು: ಮೊದಲ ಪುಟದಲ್ಲೇ ಒಬ್ಬರಿಗೆ ‘ಬರೆದುಕೊಟ್ಟವರು’, ಇನ್ನೊಬ್ಬರಿಗೆ ‘ಬರೆಸಿಕೊಂಡವರು’ ಅಂತ ಹೆಸರಿಟ್ಟು ಕೊನೆಯವರೆಗೂ ‘ಅವರು’ ಅನ್ನುವುದರ ಗೊಡವೆಗೇ ಹೋಗುವುದಿಲ್ಲ. ಒಂದು ಎಚ್ಚರ: ಹಿಂದೆ ಇಬ್ಬರು ಗಂಡಸರ ಹೆಸರು ಬಂದಿದ್ದರೆ ‘ಸದರಿಯವರು’ ಕೂಡ ‘ಅವರು’ನಷ್ಟೇ ಕುರುಡು. ‘ಸದರಿ ಪ್ಲಂಬರ್’, ‘ಸದರಿ ಕಾಲುಸಂಕ’ ಅಂತ ಜೊತೆಗೊಂದು ನಾಮಪದ ಇರಲಿ.

ಬರೆದು ಮುಗಿದ ಮೇಲೆ ನಿಮ್ಮ ಕತೆ ಗೊತ್ತಿಲ್ಲದವರ ಕೈಗೆ ಕೊಡಿ. ಮನೆಯವರಿಗೆ ಬೇಡ, ಅವರಿಗೆ ಎಲ್ಲ ಗೊತ್ತಿರುತ್ತದೆ. ನಮ್ಮಲ್ಲಿ ಝೆರಾಕ್ಸ್ ಮಾಡುವ ಹುಡುಗ ಇದ್ದಾನೆ. ಅವನು ಗಟ್ಟಿಯಾಗಿ ಓದುತ್ತಾನೆ, ಪ್ರತಿ ‘ಅವನು’ ಬಂದಾಗ ನಿಲ್ಲುತ್ತಾನೆ, ನಾನು ‘ಯಾರು?’ ಅನ್ನುತ್ತೇನೆ. ಅವನು ತಡವರಿಸಿದ ಕಡೆ ಹೆಸರು ಹಾಕುತ್ತೇನೆ.

ಸೋಮವಾರದ ಗಿರಾಕಿಗೂ ಹಾಗೇ ಮಾಡಿದೆ. ಹೊಡೆದವನು ಪಕ್ಕದ ತೋಟದವನು, ಏಟು ತಿಂದದ್ದು ತಮ್ಮನ ಮಗ, ಕೇಳಲು ಹೋದದ್ದು ತಮ್ಮ, ಬೈದದ್ದು ಮತ್ತೆ ಪಕ್ಕದವನು. ಒಂದು ವಾಕ್ಯವನ್ನು ನಾಲ್ಕು ಮಾಡಿದೆ, ಪಕ್ಕದವನ ಹೆಸರನ್ನು ತಂದೆಯ ಹೆಸರು ಸಮೇತ ನಾಲ್ಕು ಕಡೆ ಬಡಿದೆ. ಪ್ರಿಂಟ್ ತೆಗೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಓದುತ್ತ ಓದುತ್ತ ಮುಖ ಹುಳ್ಳಗಾಯಿತು.

“ಸರಿ ಇಲ್ಲವಾ?” ಅಂದೆ.

“ಸರಿ ಇದೆ ಅಕ್ಕೋರೆ. ಆದರೆ ಆ ಬೇವಾರ್ಸಿ ಹೆಸರು ನಾನು ಎಂಟು ವರ್ಷದಿಂದ ಬಾಯಲ್ಲಿ ತಂದಿಲ್ಲ. ನಾಲ್ಕು ನಾಲ್ಕು ಕಡೆ ಬೇಕಾ?”

ಮೂರು ಕಡೆ ಬೇಕೇ ಬೇಕು ಅಂದೆ. ಕೊನೆಯದನ್ನು ‘ಸದರಿ ತೋಟದವರು’ ಅಂತ ಮಾಡಿ ಇನ್ನೊಂದು ಪ್ರಿಂಟ್ ತೆಗೆದೆ, ಅದಕ್ಕೆ ದುಡ್ಡು ಹಿಡಿಯಲಿಲ್ಲ.